ಮಾರ್ಚಿನಲ್ಲಿ ಮುಗಿದ ಕೆಲಸ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಮೋಟು ಪೆನ್ಸಿಲ್ ಇನ್ನೂ ಇದೆ. ಕಡೂರಿಗೂ ಅಜ್ಜಂಪುರಕ್ಕೂ ನಡುವಿನ ಒಂದು ಪಂಚಾಯಿತಿಯಲ್ಲಿ, ಹೆಸರು ಬೇಡ, ನಾನು ಗುಮಾಸ್ತನಾಗಿದ್ದಷ್ಟು ಕಾಲವೂ ಬರುವ ವರ್ಷದ ಅಂದಾಜನ್ನು ಪೆನ್ಸಿಲಿನಲ್ಲಿ, ಆದ ಖರ್ಚನ್ನು ಶಾಯಿಯಲ್ಲಿ ಬರೆಯುವುದು ನಮ್ಮ ಕಚೇರಿಯ ಸಂಪ್ರದಾಯ. ಅಂದಾಜೆಂದರೆ ಕೂಸು ಹುಟ್ಟುವ ಮುಂಚೆ ಹೊಲಿಸುವ ಕುಲಾವಿ; ಮೇಲಿನವರು ಹಿಗ್ಗಿಸಿಯಾರು, ಕುಗ್ಗಿಸಿಯಾರು, ಅಳಿಸಲು ಅನುಕೂಲವಿರಲಿ ಎಂಬ ವಿವೇಕ. ಶಾಯಿಯನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು.

ಆದರೆ ಮಾರ್ಚ್ ಬಂತೆಂದರೆ ಶಾಯಿಗೂ ಅವಸರ. ತಿಂಗಳ ಕೊನೆಯೊಳಗೆ ಖರ್ಚಾಗದ ಅನುದಾನ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ವರದಿಯಲ್ಲಿ ಕೆಲಸ ಮುಗಿಸಿ, ಏಪ್ರಿಲಿನಲ್ಲಿ ನೆಲದ ಮೇಲೆ ಶುರುಮಾಡುವುದು ನಮಗೆ ಕಳ್ಳತನವೆನಿಸದೆ ಜಾಣತನವೆನಿಸಿತ್ತು. ಹಾಗೆಯೇ ಒಂದು ವರ್ಷ ಉರ್ದು ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಮುಂದೆ ‘ಪೂರ್ಣಗೊಂಡಿದೆ’ ಎಂದು ಬರೆದೆ. ಏಪ್ರಿಲಿನಲ್ಲಿ ಆ ಹಣ ಒಡೆದ ನೀರಿನ ಪೈಪಿಗೆ ಹೋಯಿತು. ಮರುವರ್ಷ ಶೌಚಾಲಯಕ್ಕೆ ಮತ್ತೆ ಅಂದಾಜು ಹಾಕಹೋದರೆ, ಇರುವುದನ್ನೇ ಇನ್ನೊಮ್ಮೆ ಕಟ್ಟಲು ಬರುವುದಿಲ್ಲವೆಂದು ಕಡತ ವಾಪಸು ಬಂತು.

ಶಾಲೆಯ ಮುಖ್ಯ ಶಿಕ್ಷಕಿ ನೂರ್‌ಜಹಾನ್ ಟೀಚರ್ ಬಂದು ಕೇಳಿದರು: “ಕಾಗ್ದದಲ್ಲಿರೋ ಬಾಗ್ಲನ್ನ ಮಕ್ಳಿಗೆ ಹೆಂಗೆ ತೆಗ್ದುಕೊಡ್ಲಿ, ನೀವೇ ಹೇಳಿ ಸಾರ್?” ತಪ್ಪೊಪ್ಪಿಕೊಂಡರೆ ಅಮಾನತ್ತು ಖಂಡಿತವೆಂದು ಹೆದರಿ, “ನೋಡೋಣ ಬಿಡಿ ಟೀಚರ್” ಎಂದುಬಿಟ್ಟೆ. ನಿವೃತ್ತಿಯವರೆಗೂ ನೋಡುತ್ತಲೇ ಇದ್ದೆ.

ಈಗ ಶಾಸನಸಭೆಯಲ್ಲಿ ಹೊಸ ಕಾಯಿದೆಯ ಮಾತು ನಡೆದಿದೆಯಂತೆ: ಅಂದಾಜಿಗೂ ಖರ್ಚಿಗೂ ಇರುವ ಅಂತರಕ್ಕೆ ಕಾರಣ ಕೊಡಬೇಕು, ಖರ್ಚಿನ ವರದಿಯನ್ನು ಕೆಲಸ ನಡೆದ ಜಾಗದಲ್ಲೇ ಜನರ ಮುಂದೆ ಓದಬೇಕು. ಒಳ್ಳೆಯದೇ, ಗೆಳೆಯರೇ, ಬರಲಿ. ಆದರೆ ಹಳೆಯ ವರದಿಗಳನ್ನು ಬರೆದವರು ತಾವಾಗಿ ಬಾಯಿಬಿಡದಿದ್ದರೆ ಯಾವ ಕಾಯಿದೆ ತಾನೇ ಏನು ಮಾಡೀತು? ಹೀಗೆ ಯೋಚಿಸುತ್ತ ಯೋಚಿಸುತ್ತ ನನಗೆ ನಾಚಿಕೆಯಾಯಿತು.

ಕಳೆದ ಗ್ರಾಮಸಭೆಯಲ್ಲಿ ಎದ್ದು ನಿಂತು, ಆ ಶೌಚಾಲಯ ಕಟ್ಟೇ ಇಲ್ಲ, ಸುಳ್ಳು ಬರೆದವನು ನಾನೇ ಎಂದೆ, ಬರೆದೂ ಕೊಟ್ಟೆ. ಪಿಂಚಣಿಗೆ ಕುತ್ತು ಬಂದರೆ ಬರಲಿ. ಗದ್ದಲವೆಲ್ಲ ತಣ್ಣಗಾದ ಮೇಲೆ ಅಧ್ಯಕ್ಷರು ಅದನ್ನು ಈ ಸಲದ ಅಂದಾಜಿಗೆ ಸೇರಿಸಲು ಒಪ್ಪಿದರು.

ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕರು. ಬೈಯುತ್ತಾರೆಂದುಕೊಂಡಿದ್ದೆ.

“ಒಳ್ಳೇದಾಯ್ತು ಸಾರ್. ಇನ್ಮುಂದೆ ಬರೋ ಹುಡ್ಗೀರಿಗಾದ್ರೂ ಆಗುತ್ತೆ,” ಎಂದರು. ಆಮೇಲೆ, ದೊಡ್ಡವರಾದ ಕೂಡಲೇ ಇದೊಂದು ಇಲ್ಲವೆಂದು ಶಾಲೆ ಬಿಟ್ಟ ಹುಡುಗಿಯರ ಹೆಸರುಗಳನ್ನು ಮೆಲ್ಲಗೆ, ಒಂದೊಂದಾಗಿ ಹೇಳತೊಡಗಿದರು. ನಾನು ನಿಂತೇ ಕೇಳಿದೆ. ತರೀಕೆರೆ ಬಸ್ಸು ಬಂದು ಹೋಯಿತು. ಹೆಸರುಗಳು ಇನ್ನೂ ಮುಗಿದಿರಲಿಲ್ಲ.