ನೀಲಿ ಹತ್ತಿದ ಚಿಪ್ಪು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಯಲಹಂಕದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಹಿರಿಯ ಮೈಕ್ರೋಪೇಲಿಯಂಟಾಲಜಿಸ್ಟ್. ಸಮುದ್ರದ ತಳದಿಂದ ಕೊರೆದು ತಂದ ಕಲ್ಲನ್ನು ನೆನೆಸಿ, ಜರಡಿ ಹಿಡಿದು, ಫೊರಾಮಿನಿಫೆರಾ ಎಂಬ ಜೀವಿಗಳ ಚಿಪ್ಪುಗಳನ್ನು ಮೈಕ್ರೋಸ್ಕೋಪಿನಲ್ಲಿ ಗುರುತಿಸಿ ಕಲ್ಲಿನ ವಯಸ್ಸು ಹೇಳುವುದು ನನ್ನ ಕೆಲಸ. ಚಿಪ್ಪುಗಳೋ ಸಾಸಿವೆಗಿಂತ ಸಣ್ಣವು. ಬೆಂಗಳೂರಲ್ಲಿ ಕೂತು ಸಮುದ್ರದ ಜಾತಕ ಬರೀತೀಯ ಎಂದು ನೆಂಟರು ಛೇಡಿಸುತ್ತಿದ್ದರು.

ಒಂದು ದಿನ ಬಂದ ಕಲ್ಲು ಈಯೊಸೀನ್ ಕಾಲದ್ದು, ಸುಮಾರು ಐದು ಕೋಟಿ ವರ್ಷ ಹಳೆಯದು. ಅದರೊಳಗೆ ಇನ್ನೂ ಹಳೆಯ, ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಕಾಲದ ಒಂದು ಚಿಪ್ಪು ಕೂತಿತ್ತು. ಅದು ಹೇಗೆ ಬಂತೆಂದು ಕೊರೆಯುವ ಹಡಗಿನವರು ಸಂಜೆಯೊಳಗೆ ವಿವರಣೆ ಕೇಳಿದರು.

ಹಿಂದಿನ ದಿನ ಅದೇ ಜರಡಿಯಲ್ಲಿ ಕ್ರಿಟೇಷಿಯಸ್ ಸುಣ್ಣಕಲ್ಲನ್ನು ತೊಳೆಯಲಾಗಿತ್ತು. ತೊಳೆಯುವವಳು ರೇಣುಕಾ, ಊರು ಗದಗ, ಅಬ್ಬಿಗೆರೆಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಗುತ್ತಿಗೆ ಕೆಲಸ. ನಮ್ಮ ಮ್ಯಾನೇಜರಿಗೆ ಇಷ್ಟು ಸಾಕಾಯಿತು.

"ಜರಡಿ ಸರಿಯಾಗಿ ತೊಳ್ದಿಲ್ಲ ಅಂತ ಬರೀರಿ ಮೇಡಂ. ಆಯಮ್ಮಂಗೆ ನಾಳೆಯಿಂದ ಬರ್ಬೇಡಿ ಅಂತೀನಿ. ಅಲ್ಲಿಗೆ ಮುಗೀತು."

ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಪುರಾವೆಯಲ್ಲ. ಬರೆದರೆ ಅವಳ ಅನ್ನಕ್ಕೆ ಕಲ್ಲು ಹಾಕಿದಂತೆ. ಬರೆಯದಿದ್ದರೆ ಹೇಳಲು ಬೇರೆ ಕಾರಣವಿಲ್ಲ. ಅತ್ತ ದರಿ, ಇತ್ತ ಪುಲಿ. ಮ್ಯಾನೇಜರು ಕುರ್ಚಿ ಎಳೆದುಕೊಂಡು ಬಾಗಿಲ ಬಳಿಯೇ ಕೂತರು. ರೇಣುಕಾ ಸಿಂಕಿನ ಪಕ್ಕ ನಿಂತಿದ್ದಳು. ಅವಳ ಬೆರಳುಗಳು ಎಂದಿನಂತೆ ನೀಲಿಯಾಗಿದ್ದವು.

ಆ ನೀಲಿ ನಮ್ಮ ಕಸುಬಿನ ಪದ್ಧತಿ. ಎಷ್ಟು ತೊಳೆದರೂ ಜರಡಿಯ ಕಣ್ಣುಗಳಲ್ಲಿ ಒಂದೆರಡು ಚಿಪ್ಪು ಉಳಿಯುವುದುಂಟು. ಅದಕ್ಕೇ ತೊಳೆದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಅದ್ದುತ್ತೇವೆ. ಉಳಿದದ್ದಕ್ಕೆ ಬಣ್ಣ ಹತ್ತುತ್ತದೆ. ಮುಂದಿನ ಕಲ್ಲಿನಲ್ಲಿ ನೀಲಿ ಚಿಪ್ಪು ಕಂಡರೆ ಲೆಕ್ಕಕ್ಕಿಲ್ಲವೆಂದು ಬಿಡುತ್ತೇವೆ. ನನ್ನ ಮುಂದಿದ್ದದ್ದು ಅಚ್ಚ ಬಿಳಿ.

"ಬಿಳಿ ಇದೆ ಅಂದ್ರೆ ಅವ್ಳು ಅದ್ದೇ ಇಲ್ಲ ಕಣ್ರೀ," ಎಂದರು ಮ್ಯಾನೇಜರು.

"ಅದ್ದೀನ್ರಿ ಸರ," ಎಂದಳು ರೇಣುಕಾ. "ದಿನಾ ಅದ್ದತೀನಿ. ಯಾರೂ ನೋಡಿಲ್ಲ, ಅಷ್ಟ."

ಆ ಕಲ್ಲಿನ ಉಳಿದ ಪುಡಿಯನ್ನೆಲ್ಲ ತಟ್ಟೆಗೆ ಸುರಿದು ಮತ್ತೆ ಹುಡುಕತೊಡಗಿದೆ. ಹಡಗಿನಿಂದ ಫೋನು ಬಂತು. ಮ್ಯಾನೇಜರು ನನ್ನನ್ನೇ ನೋಡುತ್ತ "ಆಯ್ತು, ಕಳಿಸ್ತೀವಿ" ಎಂದರು. ಕಣ್ಣು ಉರಿಯತೊಡಗಿತು. ಕೊನೆಗೆ ತಟ್ಟೆಯ ಮೂಲೆಯಲ್ಲಿ ಇನ್ನೊಂದು ಕ್ರಿಟೇಷಿಯಸ್ ಚಿಪ್ಪು ಸಿಕ್ಕಿತು. ಅಂಚು ಚೂರೂ ಮುಕ್ಕಾಗಿರಲಿಲ್ಲ. ಬಣ್ಣ ಕಡುನೀಲಿ.

ಮ್ಯಾನೇಜರನ್ನು ಕರೆದು ತೋರಿಸಿದೆ.

"ನೋಡಿದ್ರಾ, ಜರಡೀಲಿ ಉಳ್ದಿತ್ತು," ಎಂದರು, ಗೆದ್ದವರಂತೆ.

"ಉಳಿದಿತ್ತು. ಆದ್ರೆ ಅದ್ದದೇ ಇದ್ದಿದ್ರೆ ಇದಕ್ಕೆ ನೀಲಿ ಎಲ್ಲಿಂದ ಬಂತು?"

ಅವರು ಮತ್ತೆ ಲೆನ್ಸಿಗೆ ಕಣ್ಣಿಟ್ಟರು. ಬಿಳಿಯದೂ ಜರಡಿಯಲ್ಲಿ ಉಳಿದದ್ದಾಗಿದ್ದರೆ ಅದಕ್ಕೂ ನೀಲಿ ಹತ್ತಿರುತ್ತಿತ್ತು; ಅದು ಕಲ್ಲಿನೊಳಗಿಂದಲೇ ಬಂದಿತ್ತು. ಅದರ ಅಂಚು ಸವೆದು ದುಂಡಾಗಿತ್ತು. ಹಳೆಯ ಪದರ ಕೊಚ್ಚಿಹೋಗಿ ಈಯೊಸೀನ್ ಕೆಸರಿಗೆ ಬಂದು ಸೇರಿದ್ದು. ಇಂಥದ್ದನ್ನು ರೀವರ್ಕ್ಡ್ ಎನ್ನುತ್ತೇವೆ. ವರದಿ ಹಾಗೆಯೇ ಹೋಯಿತು.

ಹೊರಡುವಾಗ ರೇಣುಕಾ ಬ್ಯಾಗು ಹೆಗಲಿಗೇರಿಸಿಕೊಂಡು ಕೇಳಿದಳು. "ಮೇಡಂ, ನಾ ಇನ್ನೂ ಚಂದ ತೊಳದಿದ್ರ ಆ ನೀಲೀದು ಇರ್ತಿದ್ದಿಲ್ಲಲ್ರಿ?"

"ಇರ್ತಿರಲಿಲ್ಲ."

"ಹಂಗಾರ ನನ್ನ ಕೆಲಸಾನೂ ಇರ್ತಿದ್ದಿಲ್ಲ."

ಅಚ್ಚುಕಟ್ಟಾಗಿ ಕೆಲಸ ಮಾಡಿದವರ ಬಳಿ ಪುರಾವೆ ಉಳಿಯುವುದಿಲ್ಲ. ಇಷ್ಟು ವರ್ಷದ ವೃತ್ತಿ ಕಲಿಸದಿದ್ದದ್ದನ್ನು ಅವಳ ಮಾತು ಕಲಿಸಿತು. ಮಾರನೇ ದಿನದಿಂದ ಅವಳು ಜರಡಿ ಅದ್ದುವ ಹೊತ್ತಿಗೆ ನಾನು ಸಿಂಕಿನ ಬಳಿ ಹೋಗಿ ನಿಂತು ನೋಡುತ್ತಿದ್ದೆ.