ಲಕೋಟೆಯೊಳಗಿನ ನಡೆ

ನಮ್ಮ ಕುತೈಸಿ ಊರಿನ ಕಡೆ ಹೆಣ್ಣು ಕೊಡುವಾಗ ಹಾಸಿಗೆ, ಪಾತ್ರೆಗಳ ಜೊತೆ ಒಂದು ಚದುರಂಗದ ಮಣೆಯನ್ನೂ ಕಳಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿರುತ್ತದೆ. ನಮ್ಮಣ್ಣನ ಹೆಂಡತಿ ಲಾಮಾರಾ ಮಾತ್ರ ಬಂದ ಮರುದಿನವೇ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಕೂತಳು.

"ಸೊಸೆ ಬರ್ತಾಳೆ ಅಂತಿದ್ದೆ. ಮಣೆ ಬಂತು, ಅದರ ಹಿಂದೆ ಒಬ್ಬ ಹೆಂಗಸೂ ಬಂದ್ಲು," ಎಂದಳು ನಮ್ಮಮ್ಮ. "ಖಾಚಾಪುರಿ ರೊಟ್ಟಿ ತಟ್ಟು ಅಂದ್ರೆ ಚೀಸ್ ಎಲ್ಲಾ ಹೊರಗೆ!"

ಲಾಮಾರಾ ಕಾಯಿಗಳನ್ನು ಜೋಡಿಸುತ್ತಲೇ ಇದ್ದಳು. ಆಟವೇ ಅವಳ ಉದ್ಯೋಗ. ಕ್ರೀಡಾಸಂಘ ಸಂಬಳ ಕೊಡುತ್ತಿತ್ತು. ಏಳನೇ ವಯಸ್ಸಿನಿಂದ ಅವಳನ್ನು ತಿದ್ದಿದವರು ವಾಲಿಕೋ ಮೇಷ್ಟ್ರು. ಮಕ್ಕಳಿಲ್ಲದ ಮನುಷ್ಯ. ಅವಳನ್ನು ಮಗಳೇ ಎಂದೇ ಕರೆಯುತ್ತಿದ್ದರು.

ಮೂವತ್ತನಾಲ್ಕನೇ ವಯಸ್ಸಿಗೆ ಅವಳ ಪಾಲಿಗೆ ಒಂದೇ ಒಂದು ಬಾಗಿಲು ತೆರೆಯಿತು. ರಾಜಧಾನಿ ತ್ಬಿಲಿಸಿಯ ಪಂದ್ಯಾವಳಿ ಗೆದ್ದವಳು ಯುಗೊಸ್ಲಾವಿಯಾಕ್ಕೆ ಹೋಗಿ ಜಗತ್ತಿನ ಗಟ್ಟಿ ಆಟಗಾರ್ತಿಯರ ಎದುರು ಕೂರಬಹುದು. ಕೊನೆಯ ಸುತ್ತಿನಲ್ಲಿ ಎದುರಾಳಿ ಹದಿನೇಳರ ಇರ್ಮಾ, ಅರ್ಧ ಅಂಕ ಮುಂದಿದ್ದಳು. ಲಾಮಾರಾ ಗೆದ್ದರಷ್ಟೇ ಪ್ರಯಾಣ. ಸಮವಾದರೂ ಹೋಗುವವಳು ಇರ್ಮಾ.

ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿ ಗಿವಿ ಎಲ್ಲರೆದುರೇ ಕೇಳಿದ: "ಮೊಣಕಾಲು ನೋಯೋ ವಯಸ್ಸಲ್ಲಿ ಯುಗೊಸ್ಲಾವಿಯಾ ಯಾಕಮ್ಮಾ ನಿನಗೆ? ಆ ಮಗು ಹೋಗ್ಲಿ ಬಿಡು."

ಬೆಳಗ್ಗೆ ಹತ್ತಕ್ಕೆ ಶುರುವಾದ ಆಟ ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಲಾಮಾರಾಳ ಕೈ ಮೇಲಿತ್ತು. ಇಂಥ ಆಟವನ್ನು ಆಗೆಲ್ಲ ಮರುದಿನಕ್ಕೆ ನಿಲ್ಲಿಸುತ್ತಿದ್ದರು. ಸರದಿ ಇದ್ದವಳು ಮುಂದಿನ ನಡೆಯನ್ನು ಗುಟ್ಟಾಗಿ ಬರೆದು, ಲಕೋಟೆ ಅಂಟಿಸಿ ತೀರ್ಪುಗಾರನ ಕೈಗಿಡಬೇಕು. ಲಾಮಾರಾ ತನ್ನ ಆನೆಯ ನಡೆ ಬರೆದು ಕೊಟ್ಟಳು. ಮರುದಿನದವರೆಗೆ ಆ ನಡೆಯಿಂದ ಏನೇನಾಗಬಹುದೆಂದು ಶೋಧಿಸುವುದು ಮೇಷ್ಟ್ರ ಕೆಲಸ.

ಅವತ್ತು ನಾನು ಅತ್ತಿಗೆಯ ಜೊತೆಗೆ ಹೋಗಿದ್ದೆ. ಊಟಕ್ಕೆಂದು ಹೋಟೆಲಿನೊಳಗೆ ಕಾಲಿಟ್ಟರೆ, ಗಿವಿ, ಇರ್ಮಾಳ ಅಪ್ಪ, ನಡುವೆ ವಾಲಿಕೋ ಮೇಷ್ಟ್ರು! ಗಿವಿ ಎದ್ದು, "ನಮ್ಮ ಇರ್ಮಾ ಹೆಸರಲ್ಲಿ!" ಎಂದು ಲೋಟ ಎತ್ತಿದ. ಮೇಷ್ಟ್ರು ತಾವೂ ಎದ್ದು ತಳ ಕಾಣುವಂತೆ ಕುಡಿದರು.

ನಾವು ಇಳಿದಿದ್ದ ಹಾಸ್ಟೆಲಿಗೆ ಓಡಿ ಬಂದು ಹೇಳಿದೆ.

"ಕುಡಿದ್ರಾ? ಪೂರ್ತಿ?" ಎಂದಳು ಲಾಮಾರಾ.

"ಒಂದು ಹನಿ ಬಿಡ್ಲಿಲ್ಲ ಅತ್ತಿಗೆ."

ನಮ್ಮ ಕಡೆ ಊಟದ ಮೇಜಿನ ಮುಂದೆ ಕೂತವನು ಒಂದು ಮಗುವಿನ ಹೆಸರಿನಲ್ಲಿ ಎತ್ತಿದ ಲೋಟವನ್ನು ಕುಡಿಯದೆ ಕೆಳಗಿಡುವಂತಿಲ್ಲ. ಶತ್ರುವಿನ ಮಗುವಾದರೂ ಅಷ್ಟೇ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಹೊತ್ತಿಗೆ ಅದನ್ನು ನೆನೆಯುವುದು ಇಬ್ಬರಿಗೂ ಬೇಡವಾಗಿತ್ತು.

ಸಂಜೆ ಮೇಷ್ಟ್ರು ಹಾಸ್ಟೆಲಿಗೆ ಬಂದರು. "ಏನು ಬರೆದೆ ಮಗಳೇ?"

"ರಾಜನ್ನ ಸರಿಸಿದೆ ಮೇಷ್ಟ್ರೇ," ಎಂದಳು ಕಣ್ಣು ಮಿಟುಕಿಸದೆ.

"ರಾಜನ್ನಾ?" ಹಾಳೆ, ಪೆನ್ಸಿಲ್ ತೆಗೆದುಕೊಂಡರು. "ಕಷ್ಟ ಇದೆ. ನೋಡೋಣ."

ಬೆಳಗ್ಗೆ ಸಭಾಂಗಣದ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಡದಂತಾಗಿತ್ತು. ಅವಳ ಕೈಗೆ ನಡೆಗಳನ್ನು ಬರೆದ ಹನ್ನೊಂದು ಹಾಳೆ ಇಟ್ಟರು. "ಗೆಲುವಿದೆ ಮಗಳೇ. ಮೂಲೆಯಲ್ಲಿ ಅಡಗಿತ್ತು, ಎಳೆದು ತಂದಿದೀನಿ."

ಅವಳು ನೋಡದೆಯೇ ಮಡಚಿಟ್ಟುಕೊಂಡಳು.

ತೀರ್ಪುಗಾರ ಲಕೋಟೆ ಕತ್ತರಿಸಿ, ಮಣೆಯ ಮೇಲೆ ಆನೆಯನ್ನು ಸರಿಸಿದ. ನಾನು ಮೊದಲು ಇರ್ಮಾಳ ಮುಖ ನೋಡಿದೆ. ಅಲ್ಲಿ ಅಚ್ಚರಿಯಿರಲಿಲ್ಲ; ರಾಜನ ನಡೆಯ ಸುದ್ದಿ ತಲುಪಿದ್ದರೆ ಬೆಚ್ಚಬೇಕಿತ್ತು, ಅವಳು ಇದೇ ನಡೆಯನ್ನು ನಿರೀಕ್ಷಿಸಿದ್ದಳು. ಆಮೇಲೆ ಮೇಷ್ಟ್ರ ಮುಖ ನೋಡಿದೆ. ಇಪ್ಪತ್ತೇಳು ವರ್ಷದ ನಂಟು ಒಂದೇ ಕ್ಷಣದಲ್ಲಿ ಆ ಮುಖದಿಂದ ಇಳಿದುಹೋಯಿತು. ಅವರು ಯಾರಿಗೂ ಏನೂ ಹೇಳಿರಲಿಲ್ಲ. ಲಾಮಾರಾಳೂ ತಲೆಯೆತ್ತಿ ಅದನ್ನು ಕಂಡಳು.

ಆದರೂ ಆಟ ಅವಳದೇ ಆಗಿತ್ತು. ಒಂದೊಂದಾಗಿ ಇರ್ಮಾಳ ಕಾಲಾಳುಗಳನ್ನೆಲ್ಲ ಹೊಡೆದಳು. ಕೊನೆಗೆ ಹುಡುಗಿಯ ಬಳಿ ಉಳಿದದ್ದು ಮೂಲೆ ಸೇರಿದ ರಾಜ, ಒಂದು ಆನೆ. ಇರ್ಮಾ ಆ ಆನೆಯನ್ನು ತಂದು ಲಾಮಾರಾಳ ರಾಜನ ಬಾಯಿಗೇ ಇಟ್ಟಳು. ತಿಂದರೆ ಇರ್ಮಾಳ ರಾಜನಿಗೆ ಇಡಲು ಹೆಜ್ಜೆಯಿಲ್ಲ, ಆಟ ಸಮ. ತಪ್ಪಿಸಿಕೊಂಡರೆ ಮತ್ತೆ ಬಂದು ಶಹ ಕೊಡುತ್ತದೆ. ಹದಿನಾಲ್ಕು ಸಲ ಓಡಿ, ಓಡಲು ಮನೆ ಸಿಗದೆ, ಲಾಮಾರಾ ಆನೆಯನ್ನು ತಿಂದಳು.

ಗಿವಿ ಚಪ್ಪಾಳೆ ತಟ್ಟಿದ. "ಹೊಟ್ಟೆ ತುಂಬ್ತಾ ತಾಯಿ?"

ಮೇಷ್ಟ್ರು ವೇದಿಕೆ ಹತ್ತಿ ಬಂದರು. ಮೆಲ್ಲಗೇ ಮಾತಾಡಿದರು. "ಅವಳ ರಾಜನಿಗೆ ಒಂದು ಮನೆ ಬಿಟ್ಟಿದ್ರೆ ಸಾಕಿತ್ತು. ನಿನ್ನೆ ಆನೆ ಅಂತ ಹೇಳಿದ್ದಿದ್ರೆ, ಇದನ್ನ ಐದು ನಿಮಿಷದಲ್ಲಿ ಕಂಡುಹಿಡೀತಿದ್ದೆ."

"ಮೇಷ್ಟ್ರೇ, ನೀವು ಅವರ ಜೊತೆ ಊಟಕ್ಕೆ..."

"ಹೋಗಿದ್ದೆ. ನನ್ನ ಹುಡುಗಿ ಬೇಕಂತ ಸೋಲಲ್ಲ, ಕೇಳ್ಬೇಡಿ ಅಂತ ಅವರ ಮುಖಕ್ಕೆ ಹೇಳೋಕೆ." ಕೈ ಚಾಚಿದರು. "ಹಾಳೆ ಕೊಡಿ, ಲಾಮಾರಾ ಅವರೇ."

ಆ 'ಅವರೇ' ಕೇಳಿ ಅವಳು ಕೂತಲ್ಲೇ ಕುಗ್ಗಿದಳು.

ಯುಗೊಸ್ಲಾವಿಯಾಕ್ಕೆ ಇರ್ಮಾಳನ್ನು ಸಿದ್ಧಗೊಳಿಸಲು ಸಮಿತಿ ವಾಲಿಕೋ ಮೇಷ್ಟ್ರನ್ನೇ ಕರೆಯಿತು. ಅವರು ಒಪ್ಪಿದರು. ಅಭ್ಯಾಸಕ್ಕೆ ಎದುರು ಕೂರಲು ಒಬ್ಬಳು ಗಟ್ಟಿ ಆಟಗಾರ್ತಿ ಬೇಕೆಂದು ಲಾಮಾರಾಳ ಹೆಸರು ಬರೆದುಕೊಟ್ಟವರೂ ಅವರೇ. ಸಂಬಳ ಸಂಘದ್ದು, ಇಲ್ಲವೆನ್ನುವ ಹಾಗಿರಲಿಲ್ಲ. ಇಪ್ಪತ್ತು ದಿನ ಹೋದಳು.

ಮೊದಲ ದಿನವೇ ಇರ್ಮಾ ಕುದುರೆ ಎತ್ತುತ್ತ ನಕ್ಕಳು. "ಲಾಮಾರಾ ಅಕ್ಕಾ, ಇವತ್ತು ನಿಜವಾದ ನಡೆನಾ, ಮೇಷ್ಟ್ರಿಗೆ ಹೇಳೋ ನಡೆನಾ?"

ಮೇಷ್ಟ್ರು ಆಟದ ಗಡಿಯಾರದ ಗುಂಡಿ ಒತ್ತಿದರು.

"ನಿಮ್ಮ ಹೊತ್ತು ಓಡ್ತಿದೆ, ಲಾಮಾರಾ ಅವರೇ," ಎಂದರು.