ಬೆನ್ನು ಮುಚ್ಚುವ ಗೌನು

ಹಿಂದೂಪುರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಶೋಭಾರಾಣಿಯವರ ನಡುಮನೆಯಲ್ಲಿ ಹೊಲಿಗೆ ಮೆಷಿನ್ ಆಗಲೇ ಓಡುತ್ತಿದೆ. ತಿಳಿನೀಲಿ ಬಟ್ಟೆಯ ತೋಳುಗಳು ಒಂದರ ಹಿಂದೊಂದು ಸೂಜಿಯ ಕೆಳಗಿನಿಂದ ಹೊರಬಿದ್ದು, ದಾರದಲ್ಲಿ ಜೋತಾಡುತ್ತ ಬುಟ್ಟಿಗಿಳಿಯುತ್ತವೆ. ಬರೀ ತೋಳುಗಳು. ಬೆನ್ನಿನ ಬಟ್ಟೆ ಪಕ್ಕದ ಮಂಚದ ಮೇಲೆ ಮಡಿಕೆ ಬಿಚ್ಚದೆ ಕೂತಿದೆ.

"ತೋಳು ಎರಡು ಥರದ ಗೌನಿಗೂ ಒಂದೇ. ಬೆನ್ನಿಗೆ ಕತ್ತರಿ ಹಾಕೋ ಹಂಗಿಲ್ಲ, ಆಯಮ್ಮ ಫೋನ್ ಮಾಡೋ ಗಂಟ" ಎನ್ನುತ್ತಾರೆ, ಕಣ್ಣು ಸೂಜಿಯಿಂದ ಕದಲಿಸದೆ.

ಆಯಮ್ಮ ಎಂದರೆ ಪ್ರಮೀಳಾ, ಬೆಂಗಳೂರಿನ ಉತ್ತರದಂಚಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಹಿರಿಯ ನರ್ಸ್. ರೋಗಿಗಳು ತೊಡುವ ಗೌನುಗಳನ್ನು ಶೋಭಾರಾಣಿ ಹೊಲಿದುಕೊಡುವುದು ಆ ಆಸ್ಪತ್ರೆಗೆ. ಬೆನ್ನು ಮುಚ್ಚುವಂತೆ ತಾವೇ ಯೋಚಿಸಿ ಹೊಲಿದ ಮೂವತ್ತು ಗೌನು ಎರಡು ವಾರದ ಹಿಂದೆ ಬಸ್ಸಿನಲ್ಲಿ ಹೋಗಿವೆ. ಡಾಕ್ಟರುಗಳು ಒಪ್ಪಿದರೆ ಮುಂದಿನದೆಲ್ಲ ಅದೇ ಥರ. ಒಪ್ಪದಿದ್ದರೆ ಮತ್ತೆ ಹಿಂದೆ ತೆರೆದ ಹಳೇ ಗೌನು. ಉತ್ತರ ಇವತ್ತು ಬರಬೇಕು.

ಶೋಭಾರಾಣಿಯವರಿಗೆ ನಲವತ್ತೆಂಟು. ನೇಯುವ ಮನೆತನ. ಗಂಡ ಕೇಶವಯ್ಯನವರೂ ಅವರೂ ಸೇರಿ ಒಂದು ರೇಷ್ಮೆ ಸೀರೆಗೆ ಆರು ದಿನ ಕೂರುತ್ತಿದ್ದರು. ಮಗ್ಗ ನಿಂತು ಒಂಬತ್ತು ವರ್ಷವಾಯಿತು. ಕಾಲು ಇಳಿಬಿಟ್ಟು ನೇಯುತ್ತಿದ್ದ ಅದರ ಗುಂಡಿಯ ಮೇಲೆ ಕಡಪಾ ಕಲ್ಲು ಹಾಸಿ, ಅದರ ಮೇಲೆ ಮೆಷಿನ್ ಇಟ್ಟಿದ್ದಾರೆ. ಈಗ ದಿನಕ್ಕೆ ಹದಿನೆಂಟು ಗೌನು. ಕರೆಂಟು ಕೈಕೊಟ್ಟರೆ ಹನ್ನೆರಡು. ಕೇಶವಯ್ಯ ಬಟ್ಟೆ ಕತ್ತರಿಸುತ್ತಾರೆ, ಗಂಟು ಕಟ್ಟುತ್ತಾರೆ, ಬಿಡುವಿದ್ದಾಗ ರೇಗಿಸುತ್ತಾರೆ: "ನಮ್ಮಾಕೆ ಫಾರಿನ್ ಟೈಲರ್ ಕಣ್ರೀ. ಪಾಸ್‌ಪೋರ್ಟ್ ಒಂದಿಲ್ಲ ಅಷ್ಟೇ."

ಮಾತು ತಮಾಷೆಯದಾದರೂ ಪೂರಾ ಸುಳ್ಳಲ್ಲ. ಮೊದಲು ಆ ಆಸ್ಪತ್ರೆಯಲ್ಲಿ ಹೊರದೇಶದವರಿಗೆಂದು ನಾಲ್ಕು ಕೋಣೆಗಳಿದ್ದವು. ಈಗ ಒಂದು ಇಡೀ ಮಹಡಿ. ತಾಂಜಾನಿಯಾ, ಒಮಾನ್, ಬಾಂಗ್ಲಾದೇಶಗಳಿಂದ ಮಂಡಿ, ಸೊಂಟ, ಹೃದಯ ರಿಪೇರಿಗೆ ವಿಮಾನ ಹತ್ತಿ ಬರುತ್ತಾರೆ. ತಮ್ಮೂರಲ್ಲಿ ಆ ಆಪರೇಷನ್ ಇಲ್ಲದವರು, ಇದ್ದರೂ ವರ್ಷಗಟ್ಟಲೆ ಕಾಯಬೇಕಾದವರು.

ಮೂರು ವರ್ಷದ ಹಿಂದೆ ಆಸ್ಪತ್ರೆಯಿಂದ ಮಾದರಿಗೆಂದು ಮೊದಲ ಗೌನು ಬಂದಾಗ ಗಂಡಹೆಂಡತಿ ಅದನ್ನು ತಿರುಗಿಸಿ ನೋಡಿ ಬೆಪ್ಪಾಗಿದ್ದರು. ಹಿಂದುಗಡೆ ಎರಡು ಅಂಚೂ ಕೂಡುವುದೇ ಇಲ್ಲ, ಕುತ್ತಿಗೆಯ ಹತ್ತಿರ ಒಂದು ಲಾಡಿ ಬಿಟ್ಟರೆ ಎಲ್ಲ ಬಯಲು. ನೇಕಾರರ ಮನೆಯಲ್ಲಿ ಸೀರೆ ಗೇಣುದ್ದ ಕಮ್ಮಿ ಬಂದರೆ ಮನೆತನದ ಮರ್ಯಾದೆ ಹೋದಂತೆ.

"ಯಾರೋ ಟೈಲರು ಬಟ್ಟೆ ಹೊಡ್ಕೊಂಡವ್ನೆ ಅಂದ್ಕೊಂಡ್ವಿ. ನಾವು ಮೋಸ ಮಾಡ್ಬಾರ್ದು ಅಂತ ನಮ್ ಕೈಯಿಂದ್ಲೇ ಬಟ್ಟೆ ಹಾಕಿ, ಮೊದಲ್ನೇ ಆರ್ಡರಿನ ನೂರಿಪ್ಪತ್ತಕ್ಕೂ ಬೆನ್ನು ಕೂಡ್ಸಿ ಹೊಲಿದ್ಬುಟ್ಟೆ."

ನಾಲ್ಕೇ ದಿನಕ್ಕೆ ಗಂಟುಗಳು ಹಿಂದೆ ಬಂದವು. ಏನು ತಪ್ಪೆಂದು ಕೇಳಲು ಶೋಭಾರಾಣಿ ಚಿಲಮತ್ತೂರಿನ ದಾರಿಯಾಗಿ ಬಸ್ಸು ಹಿಡಿದು ಆಸ್ಪತ್ರೆಗೇ ಹೋದರು. ಪ್ರಮೀಳಾ ಬಿದ್ದು ಬಿದ್ದು ನಕ್ಕರಂತೆ. "ಏಂದಮ್ಮಾ ಇದಿ, ಏನಮ್ಮಾ ಇದು! ಬೆನ್ನುಹುರಿಗೆ ಇಂಜೆಕ್ಷನ್ ಕೊಡೋದು ಎಲ್ಲಿಂದ? ಗೌನು ಹರಿದಾ?"

ಅಂದು ಹೊರದೇಶದವರ ಕೋಣೆಗಳ ಕಡೆ ಶೋಭಾರಾಣಿ ಒಬ್ಬ ಹೆಂಗಸನ್ನು ಕಂಡರು. ತಾಂಜಾನಿಯಾದವರು, ತಮ್ಮದೇ ವಯಸ್ಸು, ಮಂಡಿ ಆಪರೇಷನ್ ಆಗಿ ಮೂರು ದಿನ. ಒಂದು ಕೈ ವಾಕರ್ ಮೇಲೆ, ಇನ್ನೊಂದು ಕೈ ಹಿಂದೆ, ಗೌನಿನ ಎರಡೂ ಅಂಚನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಎರಡೂ ಕೈ ವಾಕರ್ ಮೇಲಿಡಿ, ಬೀಳುತ್ತೀರಿ ಎಂದು ನರ್ಸ್ ಹೇಳುತ್ತಲೇ ಇದ್ದರು. ಆಕೆ ಕೈ ಬಿಡಲಿಲ್ಲ. ನಾಲ್ಕು ಹೆಜ್ಜೆಗೆ ನಿಂತು, ಹಿಂದಿರುಗಲು ನೋಡಿದರು.

"ಅವರ ಮಾತು ನಂಗೆ ಬರಲ್ಲ, ನಂದು ಅವರಿಗೆ ಬರಲ್ಲ. ಹಿಂದ್ಗಡೆ ಹೋಗಿ ನನ್ ಸೆರಗು ಅಗಲ ಮಾಡಿ ಮರೆ ಹಿಡಿದೆ. ಆಗ ಕೈ ಬಿಟ್ರು ಕಣಮ್ಮ. ಆ ಗೋಡೆ ತನಕ ನಡೆದ್ರು, ನಾನು ಹಿಂದೆ ಹಿಂದೆ."

ನೂರಿಪ್ಪತ್ತು ಬೆನ್ನಿನ ಹೊಲಿಗೆ ಬಿಚ್ಚಲು ಹನ್ನೊಂದು ದಿನ ಹಿಡಿಯಿತು. ಆಮೇಲೆ ಮೂರು ವರ್ಷ ಹೇಳಿದ ಹಾಗೆಯೇ ಹೊಲಿದರು, ಮನಸ್ಸು ಮಾತ್ರ ಒಪ್ಪಲಿಲ್ಲ. ಬೆನ್ನಿನ ಎರಡು ಭಾಗ ಒಂದರ ಮೇಲೊಂದು ಗೇಣಗಲ ಬರುವಂತೆ ಮಾಡಿ, ಪಕ್ಕೆಯಲ್ಲಿ ಲಾಡಿ ಕಟ್ಟಿದರೆ ಹೇಗೆ? ಬಟ್ಟೆ ಸರಿಹೋಯಿತು, ಗಂಟು ಸರಿಹೋಗಲಿಲ್ಲ. ಸಡಿಲ ಕಟ್ಟಿದರೆ ನಡೆಯುವಾಗ ಜಾರುತ್ತದೆ. ಬಿಗಿ ಕಟ್ಟಿದರೆ ಅವಸರದಲ್ಲಿ ಬಿಚ್ಚಲಾಗದೆ ನರ್ಸುಗಳು ಕತ್ತರಿ ಹುಡುಕಬೇಕು.

ಈ ತೊಡಕು ಬಿಡಿಸಿಕೊಟ್ಟವರು ಕಲ್ಯಾಣದುರ್ಗದ ರಂಗಲಕ್ಷ್ಮಮ್ಮ. ಕಂಬದೂರು ಕಡೆಯ ಬೇಸಾಯದ ಮನೆಯವರು. ಈ ಗೌನುಗಳಿಗೆ ಲಾಡಿ ಹೊಲಿದು ಬಸ್ಸಿನಲ್ಲಿ ಹಿಂದೂಪುರಕ್ಕೆ ಕಳಿಸುವವರು ಅವರೇ. ಶೋಭಾರಾಣಿ ಅವರ ಜಗಲಿಯಲ್ಲಿ ಕೂತು ಕಷ್ಟ ಹೇಳಿಕೊಂಡಾಗ ರಂಗಲಕ್ಷ್ಮಮ್ಮ ಎದ್ದು ಅಂಗಳದಲ್ಲಿ ಕಟ್ಟಿದ್ದ ಮೇಕೆಯ ಹತ್ತಿರ ಹೋದರಂತೆ.

"ನಡೆದ್ರೆ ಬಿಚ್ಬಾರ್ದು, ಎಳೆದ್ರೆ ಬಿಚ್ಬೇಕು, ಅಷ್ಟೇ ತಾನೆ? ದಿನಾ ಗೂಟಕ್ಕೆ ಹಿಂಗೇ ಕಟ್ತೀನಲ್ಲೇ. ಮೇಕೆ ಎಷ್ಟು ಜಗ್ಗಿದ್ರೂ ಗಂಟು ಬಿಚ್ಚಲ್ಲ. ನಾನು ಈ ತುದಿ ಎಳೆದ್ರೆ, ನೋಡು, ಹೋಯ್ತು."

ಒಂದು ಲಾಡಿ ಗಿಡ್ಡ, ಒಂದು ಉದ್ದ. ಎಳೆಯಬೇಕಾದ ತುದಿಗೆ ಗುರುತಿಗೊಂದು ಕೆಂಪು ಹೊಲಿಗೆ. ಶೋಭಾರಾಣಿ ಆಸ್ಪತ್ರೆಗೆ ಹೋಗಿ ನರ್ಸುಗಳಿಗೆ ಕಟ್ಟಿ ತೋರಿಸಿ ಬಂದರು. ಮೇಕೆಯ ವಿಷಯ ಮಾತ್ರ ಹೇಳಲಿಲ್ಲ.

ಹತ್ತೂವರೆಗೆ ಫೋನ್ ಬರುತ್ತದೆ. ಮೆಷಿನ್ ನಿಲ್ಲುತ್ತದೆ. ಕೇಶವಯ್ಯ ಕಲ್ಲಿನ ಮೇಲೆ ಕೂತು ಸ್ಪೀಕರ್ ಹಾಕುತ್ತಾರೆ.

"ಒಪ್ಪಿದ್ರಮ್ಮ" ಎನ್ನುತ್ತಾರೆ ಪ್ರಮೀಳಾ. "ಆಪರೇಷನ್ ಕೋಣೆಗೆ ಹಳೇದೇ ಇರಲಿ ಅಂದ್ರು. ವಾರ್ಡಿಗೆಲ್ಲ ನಿಮ್ಮದೇ. ಒಂದೇ ಸಲ ಎಳೆದ್ರೆ ಬಿಚ್ಕೊಳ್ಳುತ್ತೆ ಅಂತ ಡಾಕ್ಟ್ರಿಗೆ ಖುಷಿ."

ಎಷ್ಟು ಬೇಕು, ಯಾವಾಗ ಬೇಕು ಎಂದು ಶೋಭಾರಾಣಿ ಕೇಳುವುದಿಲ್ಲ. "ಹಾಕ್ಕೊಂಡೋರು ಏನಂದ್ರು ಮೇಡಂ?"

"ಅವರಾ? ಏನೂ ಅನ್ನಲಿಲ್ಲ. ಹಾಕ್ಕೊಂಡ್ರು, ಕಟ್ಕೊಂಡ್ರು, ಮೂರು ಜನ ಸೇರಿ ಕೆಳಗೆ ಕ್ಯಾಂಟೀನಿಗೆ ಟೀ ಕುಡಿಯೋಕೆ ಹೋದ್ರು."

ಫೋನ್ ಇಟ್ಟ ಮೇಲೆ ಕೇಶವಯ್ಯನವರ ಮುಖ ಚಿಕ್ಕದಾಗುತ್ತದೆ. "ಚೆನ್ನಾಗೈತೆ ಅಂತ ಒಂದು ಮಾತಾದ್ರೂ ಅನ್ಬೋದಿತ್ತಲ್ಲ."

ಶೋಭಾರಾಣಿ ಮಂಚದ ಮೇಲಿನ ಬಟ್ಟೆಯನ್ನು ಎಳೆದುಕೊಂಡು ನೆಲದುದ್ದಕ್ಕೂ ಹರವುತ್ತಿದ್ದಾರೆ. "ನಿಮ್ಗೆ ತಿಳೀಲಿಲ್ಲ ಬಿಡಿ" ಎನ್ನುತ್ತಾರೆ, ಕತ್ತರಿಗೆ ಕೈ ಚಾಚುತ್ತ. "ಅಷ್ಟು ಜನದ ಮಧ್ಯೆ ಕೂತು ಟೀ ಕುಡಿದ್ರಂತೆ ಕಣ್ರೀ."